ಫೈಂಡರಿನ ಮುಚ್ಚಳ

ಭಾನುವಾರ, ಮಾರ್ಚ್ 3

ವಿಜ್ಞಾನ ಕೇಂದ್ರದ ಅಂಗಳದಲ್ಲಿ ಸೂರ್ಯ ವೀಕ್ಷಣೆ. ಒಂಬತ್ತರಿಂದ ಒಂದರವರೆಗೆ ನಿಂತೇ ಇದ್ದೆ. ಮುನ್ನೂರ ಹನ್ನೆರಡು ಜನ. ಎಲ್ಲರಿಗೂ ಅದೇ ಪಾಠ — ಮುಟ್ಟಬೇಡಿ, ಒಂದು ಕಣ್ಣು ಮುಚ್ಚಿ, ಕಪ್ಪು ಚುಕ್ಕೆ ಕಾಣ್ತಾ? ಒಬ್ಬಾಕೆ "ಇಷ್ಟೇನಾ?" ಅಂದಳು. ಇನ್ನೂ ಹತ್ತಿರ ಕರೆಸಬೇಕಿತ್ತೇನೋ ಸೂರ್ಯನನ್ನ, ಈಕೆಗೋಸ್ಕರ.

ಎದುರು ರಸ್ತೆಯ ಗಡಿಯಾರ ರಿಪೇರಿಯವರು, ನಮ್ಮ ವಾಚಣ್ಣ, ಅಂಗಡಿ ಮುಚ್ಚಿ ಬಂದಿದ್ದರು. ಟೆಲಿಸ್ಕೋಪಿನ ಹಲ್ಲುಚಕ್ರ ಕೆಟ್ಟಾಗಲೆಲ್ಲ ಸರಿಮಾಡಿಕೊಡುವವರು ಅವರೇ. "ಏನ್ ಸೂರ್ಯಮ್ಮ, ನಿಮ್ಮ ಯಜಮಾನರು ಇವತ್ತು ಚೆನ್ನಾಗಿ ಉರೀತಿದಾರೆ!" ಅಂದರು. ಸೂರ್ಯಮ್ಮ ಅಂತ ನನಗೆ ಅವರಿಟ್ಟ ಹೆಸರು. ನಕ್ಕೆ.

ಕಾಲು ಬಿದ್ದುಹೋಗಿದೆ. ಮಲಗಬೇಕು.

ಮಂಗಳವಾರ, ಮಾರ್ಚ್ 5

ವಾಚಣ್ಣನ ಬಲಗಣ್ಣಿನ ನೋಟದ ನಡುವೆ ಕಪ್ಪು ಮಚ್ಚೆ. ನಿನ್ನೆ ಬೆಳಿಗ್ಗೆಯಿಂದ. ನೋವಿಲ್ಲ. ಎಲ್ಲಿ ನೋಡಿದರೂ ಅಲ್ಲೇ ಮಚ್ಚೆ. ರೆಟಿನಾ ಸುಟ್ಟಿದೆ ಅಂದರಂತೆ ಡಾಕ್ಟರ್. ಔಷಧಿ ಇಲ್ಲ. ಆರು ತಿಂಗಳು ಕಾಯಬೇಕು, ಬಂದರೆ ಬಂತು. ಅವರು ಭೂತಗನ್ನಡಿ ಹಾಕುವುದು ಆ ಕಣ್ಣಿಗೇ. ಮೂವತ್ತು ವರ್ಷ ಅನ್ನ ಹಾಕಿದ ಕಣ್ಣು.

ದೊಡ್ಡ ಟೆಲಿಸ್ಕೋಪಿಗೆ ಫಿಲ್ಟರ್ ಇತ್ತು. ಅದರ ಬೆನ್ನ ಮೇಲಿನ ಪುಟಾಣಿ ದುರ್ಬೀನು, ಗುರಿ ಹಿಡಿಯುವ ಫೈಂಡರು — ಅದಕ್ಕೆ ಫಿಲ್ಟರ್ ಇಲ್ಲ, ಮುಚ್ಚಳ ಮಾತ್ರ. ಅದರಲ್ಲಿ ಇಣುಕಿದ್ದಾರೆ.

"ಕ್ಯೂ ಉದ್ದ ಇತ್ತು ಸೂರ್ಯಮ್ಮ. ಇದು ನಮ್ಮ ಭೂತಗನ್ನಡಿ ಥರಾನೇ ಕಾಣ್ತು. ಒಂದೇ ಕ್ಷಣ. ನನ್ನದೇ ತಪ್ಪು ಬಿಡಿ."

ಮುಚ್ಚಳ ಇತ್ತಲ್ಲ? ಯಾವಾಗಲೂ ನಾನೇ ಹಾಕುತ್ತೇನಲ್ಲ...

ಬಾಸ್ ವರದಿ ಕೇಳಿದರು. ಬರೆದೆ: "ಸೂಚನಾಫಲಕ ಗಮನಿಸದ ವೀಕ್ಷಕರ ಅಜಾಗರೂಕತೆ." ಸಹಿ ಹಾಕಿದೆ.

ಶನಿವಾರ, ಮಾರ್ಚ್ 9

ಬಟ್ಟೆ ನೆನೆಸುತ್ತಿದ್ದ ಅಕ್ಕ ಕೂಗಿದಳು. "ಇದೇನೇ ಇದು, ನಿನ್ನ ಕೋಟಿನ ಜೇಬಲ್ಲಿ? ಯಾವ ಡಬ್ಬಿ ಮುಚ್ಚಳ?"

ಫೈಂಡರಿನದು.

ಈಗ ಎಲ್ಲ ನೆನಪಾಗುತ್ತಿದೆ. ಎಂಟೂವರೆಗೆ ದೂರದ ನೀರಿನ ಟ್ಯಾಂಕ್ ನೋಡಿ ಫೈಂಡರ್ ಹೊಂದಿಸಿದೆ. ಮುಚ್ಚಳ ಜೇಬಿಗೆ. ಅಷ್ಟರಲ್ಲಿ ವೀಕ್ಷಣೆಗೆ ಮಕ್ಕಳನ್ನು ಕರೆತಂದ ಶಾಲೆಯ ಬಸ್ಸು ಬಂತು, ಓಡಿದೆ. ಎಷ್ಟು ಅಚ್ಚುಕಟ್ಟಾಗಿ ಹೊಂದಿಸಿದ್ದೆನೆಂದರೆ ಸೂರ್ಯ ನಟ್ಟನಡುವೆಯೇ ಕೂತಿರಬೇಕು.

ಅಕ್ಕನಿಗೆ "ಯಾವುದೋ ಹಳೇದು" ಅಂದೆ. ಹನ್ನೊಂದು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಇದು. ಥೂ.

ಗುರುವಾರ, ಮಾರ್ಚ್ 14

ಹಿಂದಿನ ಗೇಟಿನಿಂದಲೇ ಓಡಾಟ. ಅವರ ಅಂಗಡಿ ಕಾಣುವುದಿಲ್ಲ.

"ಆ ಮುಚ್ಚಳ ಎಲ್ಲಿ ಹೋಯ್ತು ರೀ?" ಬಾಸ್ ಸುಮ್ಮನೆ ಕೇಳಿದ್ದು. ನನ್ನ ಕೈ ಮುಚ್ಚಳವಿದ್ದ ಬ್ಯಾಗಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ಮಕ್ಕಳು ಯಾರೋ ಕಿತ್ತಿರ್ಬೇಕು ಸರ್" ಅಂದೆ.

ಈಗ ಮಕ್ಕಳ ತಲೆಗೂ ಕಟ್ಟಿದ್ದಾಯಿತು.

ಮಂಗಳವಾರ, ಏಪ್ರಿಲ್ 2

ವಾಚಣ್ಣ ತಾವೇ ಬಂದರು. ಕೈಯಲ್ಲಿ ಕಾಗದದ ಪೊಟ್ಟಣ. ಒಳಗೆ ಹಿತ್ತಾಳೆಯ ಹೊಸ ಮುಚ್ಚಳ, ಅದಕ್ಕೊಂದು ಸಣ್ಣ ಸರಪಳಿ.

"ಹಳೇದು ಸಡಿಲ ಇತ್ತೇನೋ, ಬಿದ್ದಿರ್ಬೇಕು. ಇದು ಕಳಚಿದ್ರೂ ನೇತಾಡ್ತಿರುತ್ತೆ. ಇನ್ನೊಬ್ಬರಿಗೆ ಹಿಂಗಾಗ್ಬಾರ್ದು ನೋಡಿ. ಅಳತೆ ಅಂದಾಜಿನ ಮೇಲೆ... ಎಂಟು ದಿನ ಹಿಡೀತು, ಬರೀ ಎಡಗಣ್ಣಲ್ಲಿ."

ಹಾಕಿದೆ. ಕೂರಲಿಲ್ಲ. ಕೂದಲೆಳೆಯಷ್ಟು ಚಿಕ್ಕದು. ಕೆಲಸದಲ್ಲಿ ಕೂದಲೆಳೆಯೂ ತಪ್ಪದ ಮನುಷ್ಯ.

"ಸರಿಯಾಗಿ ಕೂತ್ಕೊಳ್ತಾ?"

ಹೆಬ್ಬೆರಳಲ್ಲಿ ಒತ್ತಿ ಹಿಡಿದು "ಅಚ್ಚುಕಟ್ಟಾಗಿ!" ಅಂದೆ.

ಮುಖ ಅರಳಿತು. "ಹಾಗಾದ್ರೆ ಎಡಗಣ್ಣೂ ಕೆಲಸ ಕಲೀತು ಅನ್ನಿ! ನಾಳೆಯಿಂದ ಗಿರಾಕಿಗಳ ವಾಚು ತಗೋತೀನಿ."

ಅಯ್ಯೋ, ಏನು ಮಾಡಿಬಿಟ್ಟೆ. ನನ್ನ ಮಾತು ನಂಬಿ ಆ ಮನುಷ್ಯ ಊರವರ ವಾಚು ಕೆಡಿಸಿ ಹೆಸರು ಕಳೆದುಕೊಳ್ಳುತ್ತಾರೆ.

ಗುರುವಾರ, ಏಪ್ರಿಲ್ 4, ಬೆಳಿಗ್ಗೆ 11

ಅಂಗಡಿಗೆ ಹೋಗಿ ಬಂದೆ. ಮೇಜಿನ ಮೇಲೆ ಯಾರದೋ ವಾಚು ಬಿಚ್ಚಿಟ್ಟಿತ್ತು. ಸ್ಕ್ರೂ ಒಂದನ್ನು ತಡಕಾಡುತ್ತಿದ್ದರು. ಅದು ಎದುರಿಗೇ ಬಿದ್ದಿತ್ತು.

ಎರಡೂ ಮುಚ್ಚಳ ಮುಂದಿಟ್ಟೆ. "ನಿಮ್ಮದು ಕೂರಲಿಲ್ಲ. ಸುಳ್ಳು ಹೇಳಿದೆ. ಹಳೇದು ಬಿದ್ದಿರಲಿಲ್ಲ, ನನ್ನ ಜೇಬಲ್ಲಿತ್ತು. ಹಾಕೋದು ಮರ್ತಿದ್ದೆ. ಗೊತ್ತಾಗಿ ತಿಂಗಳಾಗ್ತಾ ಬಂತು."

ಬೈಯಲಿ ಅಂತಲೇ ಹೋಗಿದ್ದೆ. ಬೈಯಲಿಲ್ಲ. ಹಳೆಯದನ್ನು ಎಡಗಣ್ಣಿನ ಹತ್ತಿರ ಹಿಡಿದು ತಿರುಗಿಸಿದರು. ಹೊಸದರ ಮೇಲಿಟ್ಟು ನೋಡಿದರು.

"ಇದನ್ನ ಮೊದಲೇ ಕೊಟ್ಟಿದ್ರೆ ಅಳತೆ ತಪ್ತಿರಲಿಲ್ಲ."

ಅಷ್ಟೇ. ಆಮೇಲೆ ಗಿರಾಕಿಯ ವಾಚಿನ ಬಿಡಿಭಾಗಗಳನ್ನು ಒಂದೊಂದೇ ಎತ್ತಿ ಪೊಟ್ಟಣ ಕಟ್ಟಿದರು. ಮೇಲೆ ಬರೆದರು — ವಾಪಸ್.

"ಹೊರಡಿ ಮೇಡಂ" ಅಂದರು. ಸೂರ್ಯಮ್ಮ ಅನ್ನಲಿಲ್ಲ.

12.15

ವರದಿಯ ಫೈಲು ಮುಂದಿದೆ. "ವೀಕ್ಷಕರ ಅಜಾಗರೂಕತೆ" ಹೊಡೆದುಹಾಕಿದೆ. ಬಾಸ್ ಒಳಗಿದ್ದಾರೆ. ಮೊದಲು ಇಲ್ಲೇ ಬರೆದು ನೋಡುತ್ತೇನೆ: ಮುಚ್ಚಳ ತೆಗೆದವಳು ನಾನು. ಮತ್ತೆ ಹಾಕಲು ಮರೆತವಳೂ ನಾನೇ.