ಬಿಟ್ಟುಬಿಟ್ಟ ಮರಳು

ಮನೆಯಿಂದ, ಸೋಮವಾರ ಮಧ್ಯಾಹ್ನ

ಪ್ರೀತಿಯ ಚೂಟಿಗೆ,

ಹೇಗಿದ್ದೀಯ? ಕೆಮ್ಮು ಹೋಯಿತೋ, ಇನ್ನೂ ಎದೆಗೆ ಅಂಟಿಕೊಂಡಿದೆಯೋ? ಫೋನಿನಲ್ಲಿ ಕೇಳೋಣವೆಂದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಮೀಟಿಂಗಲ್ಲಿದೀನಿ ಅಮ್ಮಾ" ಎಂದು ಇಟ್ಟುಬಿಡುತ್ತೀಯ. ಪತ್ರದ ಬಾಯಿ ಹಾಗೆ ಮುಚ್ಚಲಾಗುವುದಿಲ್ಲ. ನಾನು ಪರವಾಗಿಲ್ಲ. ಮಂಡಿ ಎಂದಿನಂತೆ ಮುನಿಸಿಕೊಂಡಿದೆ. ಹೊಲಿಗೆ ಮಿಷನ್ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಪಾಪ, ಅದರದೇನೂ ತಪ್ಪಿಲ್ಲ. ಮನೆಯ ನೆಲ ಒಂದು ಪಕ್ಕಕ್ಕೆ ವಾಲಿರುವುದರಿಂದ ನಾನು ತುಳಿದಷ್ಟೂ ಅದು ಕಿಟಕಿಯ ಕಡೆಗೆ ಜಾರುತ್ತದೆ. ಕಾಲಿನಡಿ ರಟ್ಟು ಮಡಚಿ ಇಟ್ಟು ಹೇಗೋ ಸಂಭಾಳಿಸುತ್ತಿದ್ದೇನೆ. ಹೊಲಿಯಲು ಬಟ್ಟೆಯೂ ಹೆಚ್ಚಿಲ್ಲ ಬಿಡು. ಬೀದಿಯವರು ಈಗ ದೂರದ ಅಂಗಡಿಗೆ ಹೋಗುತ್ತಾರೆ. ನಾನು ಇಂಜಿನಿಯರಮ್ಮನ ತಾಯಿ ಅಲ್ಲವೇ!

ಪಕ್ಕದ ಮನೆ ಖಾಲಿಯಾಯಿತು. ದೊಡ್ಡಮ್ಮ ಹೋದರು. ಸತ್ತುಹೋದರು ಎಂದುಕೊಂಡು ಗಾಬರಿಯಾಗಬೇಡ, ಮಗನ ಒಂಟಿ ಕೋಣೆಗೆ ಹೋದರು. ಇಲ್ಲಿ ನಡೆದದ್ದರ ವರದಿ ನಿನ್ನ ಮೇಜಿಗೆ ಬಂದೇ ಬರುತ್ತದೆ ಎಂದು ಇಷ್ಟು ದಿನ ಸುಮ್ಮನಿದ್ದೆ. ಆಮೇಲೆ ಅನ್ನಿಸಿತು, ಅಲ್ಲಿಗೆ ಬರುವುದು ಬರೀ ಅಂಕಿಗಳು. ಅದಕ್ಕೇ ಬರೆಯಲು ಕೂತೆ.

ಬೀದಿಯ ತುದಿಯಲ್ಲಿ ನಿಮ್ಮ ಕಂಪನಿಯವರು ಆ ದೊಡ್ಡ ಕಟ್ಟಡಕ್ಕೆಂದು ಗುಂಡಿ ತೋಡಿದರಲ್ಲ, ಸುತ್ತಲೂ ಕಾಂಕ್ರೀಟ್ ಗೋಡೆ ಇಳಿಸಿ ಒಳಗಿನ ನೀರನ್ನು ಪಂಪು ಹಚ್ಚಿ ಚರಂಡಿಗೆ ಬಿಡಲು ಶುರುಮಾಡಿದರು. ಹಗಲೂ ರಾತ್ರಿ ಅದೇ ಸದ್ದು. ಕೆಲವೇ ದಿನಗಳಲ್ಲಿ ನಮ್ಮ ಹಿತ್ತಲಿನ ಬಾವಿಯ ನೀರು ಹಗ್ಗಕ್ಕೆ ಸಿಗದಷ್ಟು ಕೆಳಗೆ ಹೋಯಿತು. ಆಮೇಲೆ ದೊಡ್ಡಮ್ಮನ ಮುಂಬಾಗಿಲು ಹಾಕಲು ಬಾರದಾಯಿತು. ಬಡಗಿ ಬಂದು ಅಂಚು ಕೆತ್ತಿ ಸರಿಮಾಡಿ ಹೋದ; ವಾರ ಕಳೆಯುವುದರೊಳಗೆ ಮತ್ತೆ ಸಿಕ್ಕಿಕೊಂಡಿತು. "ಬಾಗಿಲು ಊದ್ಕೊಂಡಿಲ್ಲ ಅಮ್ಮಾ, ಚೌಕಟ್ಟೇ ಕೂತ್ಕೊಂಡಿದೆ" ಎಂದ ಅವನು. ಆಮೇಲೆ ಗೋಡೆ. ಅಡುಗೆಮನೆಯ ಮೂಲೆಯಿಂದ ಹೊರಟ ಬಿರುಕು ಮಲಗುವ ಕೋಣೆ ದಾಟಿ ಸೂರಿನವರೆಗೆ ಏರಿತು. ಮೊದಮೊದಲು ಕೂದಲೆಳೆಯಷ್ಟು ಇದ್ದದ್ದು ಕೊನೆಗೆ ನನ್ನ ಬೆರಳು ಹೋಗುವಷ್ಟಾಯಿತು. ನಗರಸಭೆಯವರು ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದರು, ಗೋಡೆ ಇನ್ನೂ ಅಲುಗುತ್ತಿದೆಯೇ ಎಂದು ನೋಡಲು. ದೊಡ್ಡಮ್ಮ ನಾಷ್ಟಾ ಮಾಡುತ್ತಾ ಕೂತಿದ್ದಾಗ ಆ ಗಾಜು ಟಕ್ಕೆಂದು ಒಡೆಯಿತಂತೆ. ಅದೇ ದಿನ ಮನೆ ಬಿಡಿ ಎಂದರು.

ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೊರಗೆ ತಂದರು ಚೂಟಿ. ನಾನು ಗೇಟಿನ ಹತ್ತಿರ ನಿಂತಿದ್ದೆ. ಯಾರೂ ನನ್ನ ಮುಖ ನೋಡಲಿಲ್ಲ. ನೋಡಿದವರು ಅವರೊಬ್ಬರೇ. ಕುರ್ಚಿ ಇಳಿಸಲು ಹೇಳಿ ನನ್ನ ಕೈ ಹಿಡಿದುಕೊಂಡು, "ನಿನ್ನ ಮಗಳಿಗೆ ಹೇಳು, ನಾನು ಬೈಲಿಲ್ಲ ಅಂತ" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಡೀ ಬೀದಿಯ ಬೈಗುಳ ನುಂಗಿಕೊಂಡವಳಿಗೆ ಅದೊಂದು ಮಾತು ಗಂಟಲಲ್ಲಿ ಇಳಿಯುತ್ತಿಲ್ಲ. ನಾನು ಮಿಷನ್ನಿನ ಮುಂದೆ ಕೂತರೆ ನೀನು ಅವರ ಸೊಂಟದ ಮೇಲೆ ಇರುತ್ತಿದ್ದೆ. ನಿನಗೆ ಚೂಟಿ ಎಂದು ಹೆಸರಿಟ್ಟವರೂ ಅವರೇ.

ನಿನಗೆ ಗೊತ್ತಿಲ್ಲದೆ ಆಯಿತು ಎಂದಾದರೂ ಅಂದುಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಕಾಲೇಜಿನಲ್ಲಿದ್ದಾಗ ನಮ್ಮ ಅಡುಗೆ ಕಟ್ಟೆಯ ಮೇಲೇ ನೀನು ಎರಡು ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ನನ್ನ ಚೂರುಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿದ್ದೆ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ಜೇಡಿಮಣ್ಣು. ಎರಡರ ಮೇಲೂ ಒಂದೇ ಎತ್ತರಕ್ಕೆ ನೀರು ಹೊಯ್ದೆ. ಮರಳಿನ ಕೆಳಗಿನ ಲೋಟ, ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ತುಂಬಿತು; ಜೇಡಿಯ ಕೆಳಗಿನದಕ್ಕೆ ಮರುದಿನ ಬೆಳಿಗ್ಗೆಗೂ ತಳ ಒದ್ದೆಯಾದದ್ದಷ್ಟೇ. ಎಷ್ಟು ನೀರು, ಎಷ್ಟು ಹೊತ್ತು, ಮೇಲೆ ನಿಂತ ನೀರು ಎಷ್ಟು ಎತ್ತರ, ಮಣ್ಣು ಎಷ್ಟು ದಪ್ಪ, ಬಾಟಲಿ ಎಷ್ಟು ಅಗಲ, ಎಲ್ಲವನ್ನೂ ಗುಣಿಸಿ ಭಾಗಿಸಿ ಒಂದೇ ಅಂಕಿಗೆ ತಂದು ನಿಲ್ಲಿಸಿದೆ. "ಮಣ್ಣು ನೀರಿಗೆ ಎಷ್ಟು ಸಲೀಸಾಗಿ ದಾರಿ ಬಿಡುತ್ತೆ ಅಂತ ಈ ಅಂಕಿ ಹೇಳುತ್ತಮ್ಮಾ" ಎಂದೆ. ನನಗೆ ಗಣಿತ ತಲೆಗೆ ಹೋಗಲಿಲ್ಲ, ನಿನ್ನ ಮುಖ ನೋಡುತ್ತಾ ಕೂತಿದ್ದೆ. ಅಷ್ಟು ಹೆಮ್ಮೆ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ಕಳೆದ ಸಲ ಬಂದಾಗ ಊಟಕ್ಕೆ ಕೂತು ನೀನೇ ಹೇಳಿದೆ. "ಐದು ಕಡೆ ಕೊರೆದು ಮಣ್ಣು ತೆಗೆದ್ವಿ ಅಮ್ಮಾ. ನಾಲ್ಕು ಕಡೆ ಜೇಡಿ. ನಮ್ಮ ಬೀದಿ ಕಡೇದರಲ್ಲಿ ಮಾತ್ರ ಆಳದಲ್ಲಿ ಮರಳು ಸಿಕ್ತು. ಅದನ್ನ ಲೆಕ್ಕಕ್ಕೆ ಹಿಡಿದ್ರೆ ಗೋಡೆನ ಇನ್ನೂ ಕೆಳಗೆ ಇಳಿಸ್ಬೇಕು, ಇಲ್ದಿದ್ರೆ ಪಂಪು ಸುತ್ತಮುತ್ತಲಿನ ನೀರನ್ನೆಲ್ಲ ಎಳೆಯುತ್ತೆ, ನೆಲ ಕೂರುತ್ತೆ." ಇಳಿಸಿ ಅಂತ ಹೇಳು ಮತ್ತೆ, ಎಂದೆ. "ನಾಲ್ಕು ಒಂದೇ ಥರ ಬಂದು ಒಂದು ಬೇರೆ ಬಂದ್ರೆ ಆ ಒಂದನ್ನ ಬಿಟ್ಟುಬಿಡ್ತಾರೆ." ಯಾರು ಬಿಡೋದು, ಎಂದು ಕೇಳಿದೆ. "ನಾವೇ" ಎಂದು ನೀನು ನಕ್ಕೆ. ನಾನೂ ನಕ್ಕೆ, ತಮಾಷೆ ಮಾಡುತ್ತಿದ್ದೀಯ ಎಂದುಕೊಂಡೆ. ಆ ಒಂದರ ಮೇಲೆ ನಾವೆಲ್ಲ ಮಲಗಿ ಏಳುತ್ತಿದ್ದೆವು.

ನಿನ್ನೆ ನಿಮ್ಮ ಕಂಪನಿಯ ಮ್ಯಾನೇಜರ್ ಬಂದಿದ್ದರು. ಒಳ್ಳೆಯ ಮಾತಿನ ಮನುಷ್ಯ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದು, ಟೀ ಚೆನ್ನಾಗಿದೆ ಎಂದರು. ಪಕ್ಕದ ಮನೆಯಲ್ಲಿ ಬಿರುಕು ಮೊದಲಿನಿಂದಲೂ ಇತ್ತು, ಹಳೇ ಗೋಡೆ, ತಳಪಾಯ ಸರಿಯಿರಲಿಲ್ಲ ಎಂದು ನಗರಸಭೆ ನಡೆಸುವ ವಿಚಾರಣೆಯಲ್ಲಿ ನಾನು ಹೇಳಬೇಕಂತೆ. "ಗೋಡೆಗೆ ಗೋಡೆ ಹಚ್ಚಿ ಇದ್ದವರು ನೀವು, ನಿಮ್ಮ ಮಾತಿಗೆ ತೂಕ ಇರುತ್ತೆ. ಮಗಳ ಭವಿಷ್ಯಾನೂ ನೋಡ್ಬೇಕಲ್ಲಮ್ಮ" ಎಂದರು. ನನ್ನನ್ನು ಕೇಳಲು ನಿಮಗೆ ಯಾರು ಹೇಳಿದರು ಎಂದೆ. ಅವರಿಗೆ ಆಶ್ಚರ್ಯವಾಯಿತು. "ನಿಮ್ಮ ಮಗಳೇ ನಿಮ್ಮ ಹೆಸರು ಕೊಟ್ಟಿದ್ದು. ನಮ್ಮಮ್ಮ ಇಲ್ಲ ಅನ್ನಲ್ಲ ಅಂದ್ರು."

ಅವರು ಹೋದ ಮೇಲೆ ಟೀ ಲೋಟ ತೊಳೆದಿಟ್ಟೆ. ಗೋಡೆ ಬಿರುಕು ಬಿಟ್ಟಿದ್ದಕ್ಕೆ ನನಗೆ ಇಷ್ಟು ಸಂಕಟವಾಗಿರಲಿಲ್ಲ. ನೀನು ಹೆದರಿಕೊಂಡಿದ್ದೀಯ, ಮೇಲಿನವರು ಒತ್ತಾಯ ಮಾಡಿರುತ್ತಾರೆ, ಮಣ್ಣಿನ ವರದಿಯಲ್ಲಿ ನಿನ್ನ ರುಜುವಿನ ಕೆಳಗೆ ಅವರದೂ ಇರುತ್ತದೆ, ಎಲ್ಲ ಅರ್ಥವಾಗುತ್ತದೆ. ಆದರೆ ನಿನ್ನ ಸುಳ್ಳು ಹೇಳಲು ನನ್ನ ಬಾಯಿ ಬೇಕಾಯಿತೇ? ದೊಡ್ಡಮ್ಮನ ಎದುರಿಗೆ?

ಇಷ್ಟೇ ಕಣೇ. ಬಿಸಿನೀರು ಕುಡಿ, ಕೆಮ್ಮಿಗೆ ಔಷಧಿ ಬಿಡಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಸಿಟ್ಟು ಎಷ್ಟೇ ಇದ್ದರೂ ನಿನಗೆ ಕೆಟ್ಟದಾಗಲಿ ಎಂದು ಮಾತ್ರ ಬರೆಯಲು ಕೈ ಏಳುವುದಿಲ್ಲ. ಚೆನ್ನಾಗಿರು.

ನಿನ್ನ
ಅಮ್ಮ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ವಿಚಾರಣೆ ಮುಂದಿನ ಶುಕ್ರವಾರ. ಮ್ಯಾನೇಜರಿಗೆ ಆಗಲಿ ಎಂದೇ ಹೇಳಿ ಕಳಿಸಿದ್ದೇನೆ, ನನ್ನ ಹೆಸರು ಅವರ ಪಟ್ಟಿಯಲ್ಲೇ ಇರಲಿ ಎಂದು. ಅಲ್ಲಿ ನಿಂತು ಮರಳಿನ ವಿಷಯ ಹೇಳುತ್ತೇನೆ, ಅದು ನಿನಗೆ ಗೊತ್ತಿತ್ತು ಎಂಬುದನ್ನೂ. ಅಷ್ಟರೊಳಗೆ ನೀನೇ ಬಂದು ಹೇಳಿದರೆ ನಾನು ಬಾಯಿ ಬಿಡುವುದಿಲ್ಲ. ಬರದಿದ್ದರೆ, ಸಾಕ್ಷಿಗೆ ನನ್ನನ್ನು ಆರಿಸಿದವಳು ನೀನೇ.