ಸಣ್ಣ ಕೋಣೆಯ ಕಿಟಕಿ

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿಯುವುದನ್ನು ಕಡಿಮೆ ಮಾಡಿದ್ದೀಯಾ, ಇಲ್ಲಾ ನನ್ನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆಯಾ? ನಾವೆಲ್ಲ ಆರೋಗ್ಯ. ನಿನ್ನ ಮೊಮ್ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. "ಈಗ ಅಜ್ಜೀನೂ ನಾನೂ ಒಂದೇ ಅಂತ ಬರಿ" ಎಂದಳು. ನಿನ್ನ ಸೊಸೆ ಮಾತ್ರ ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅಕ್ಕ ಫೋನಿನಲ್ಲಿ ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ನೀನು ಒಲೆಯ ಹತ್ತಿರವೇ ಸುಳಿಯುವುದಿಲ್ಲವಂತೆ. ನಲ್ಲಿ ನಿಲ್ಲಿಸಿದರೂ ಅವಳನ್ನು ಕರೆದು "ನಿಲ್ಲಿಸಿದ್ದೀನಾ ನೋಡೇ" ಎನ್ನುತ್ತೀಯಂತೆ. ವೃದ್ಧಾಶ್ರಮದ ಅರ್ಜಿಯನ್ನು ನೀನೇ ತರಿಸಿಕೊಂಡಿದ್ದೀಯಂತೆ, ಬರುವ ಸೋಮವಾರ ಸಹಿ ಹಾಕುತ್ತೀಯಂತೆ. "ನನ್ನ ತಲೇನ ನಂಬೋ ಹಾಗಿಲ್ಲ, ಇನ್ನೊಂದು ಮನೆ ಸುಡೋದು ಬೇಡ" ಎಂದೆಯಂತೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಬೆಂಕಿ ಬಿದ್ದು ಏಳು ತಿಂಗಳಾಯಿತು. ಇಷ್ಟು ದಿನ ಸಣ್ಣ ಕೋಣೆಯ ಬಾಗಿಲನ್ನು ತೆರೆಯಲು ನನಗೆ ಕೈ ಬರಲಿಲ್ಲ. ಕಳೆದ ವಾರ ಮನಸ್ಸು ಗಟ್ಟಿ ಮಾಡಿ ಕಿಟಕಿಯಿಂದ ಶುರು ಮಾಡಿದೆ. ಸುಡದೆ ಉಳಿದ ಬದಿಯ ಬಣ್ಣ ತೆಗೆಯಲು ಮತ್ತೆ ಹೀಟ್ ಗನ್ ಬೇಕಾಯಿತು. ಬೆಂಕಿ ಬಿದ್ದ ದಿನ ಬೆಳಿಗ್ಗೆ ಆಫೀಸಿನ ಗೆಳೆಯನಿಂದ ತಂದು ಬಣ್ಣ ಮೆತ್ತಗೆ ಮಾಡುತ್ತಿದ್ದೆನಲ್ಲ, ಬಿಸಿಗಾಳಿ ಊದುವ ಅದೇ ಸಾಮಾನು. ನೀನು ಗೊಣಗಪ್ಪ ಎಂದು ಹೆಸರಿಟ್ಟಿರುವ ಹಾರ್ಡ್‌ವೇರ್ ಅಂಗಡಿಯವನ ಬಳಿ ಹೋದೆ. ಅವನು ಅದನ್ನು ಸುಮ್ಮನೆ ಕೊಡಲಿಲ್ಲ. "ಇದನ್ನ ಕೂದಲು ಒಣಗಿಸೋ ಮಿಷನ್ ಅಂದ್ಕೊಂಡ್ರಾ?" ಎಂದು ಅರ್ಧ ಗಂಟೆ ಪಾಠ ಮಾಡಿದ. ಅವನು ಹೇಳಿದಂತೆ ಬಣ್ಣದ ಚೂರನ್ನು ಪರೀಕ್ಷೆಗೆ ಕಳಿಸಿ, ಸೀಸವಿಲ್ಲ ಎಂದು ಗೊತ್ತಾದ ಮೇಲೆಯೇ ಕೈ ಹಚ್ಚಿದೆ. ಪರದೆ ತೆಗೆದೆ, ಮಗುವನ್ನು ಪಕ್ಕದ ಮನೆಗೆ ಕಳಿಸಿದೆ, ಮುಖಕ್ಕೆ ಮಾಸ್ಕ್, ಕೈಗೆ ದಪ್ಪ ಗವಸು, ಪಕ್ಕದಲ್ಲಿ ಒಂದು ಬಕೆಟ್ ನೀರು. ಗಾಜಿನ ಮೇಲೆ ಬಿಸಿ ಬಿದ್ದರೆ ಸೀಳುತ್ತದೆ ಎಂದು ಅದಕ್ಕೆ ಒಂದು ತಗಡನ್ನು ಅಡ್ಡ ಹಿಡಿದೆ. ಒಂದೇ ಕಡೆ ನಿಲ್ಲಿಸದೆ ಗನ್ನನ್ನು ಆಡಿಸುತ್ತಲೇ ಇರಬೇಕು, ಮುಗಿದ ಮೇಲೆ ತಣ್ಣನೆ ಗಾಳಿ ಬಿಟ್ಟು, ಮೂತಿ ಮೇಲೆ ಮಾಡಿ ನಿಲ್ಲಿಸಬೇಕು. ನೀನಿದ್ದರೆ, ಇಷ್ಟು ಶಿಸ್ತು ಶಾಲೆಯಲ್ಲಿ ಇದ್ದಿದ್ದರೆ ಎನ್ನುತ್ತಿದ್ದೆ.

ಅವತ್ತು ಅಂಗಡಿಯಿಂದ ಹೊರಡುವಾಗ ಗೊಣಗಪ್ಪ ಇನ್ನೊಂದು ಮಾತು ಕೇಳಿದ. "ಚೌಕಟ್ಟಿನ ಹಿಂದೆ ಏನಿದೆ ಅಂತ ನೋಡಿದ್ರಾ? ಕಿಡಿ ಕಾಣೋದಿಲ್ಲ ಸ್ವಾಮಿ. ಒಳಗೊಳಗೇ ಎರಡು ಗಂಟೆ ಹೊಗೆಯಾಡ್ತಾ ಇದ್ದು ಆಮೇಲೆ ಹತ್ಕೊಳ್ಳುತ್ತೆ." ಮನೆಗೆ ಬಂದು ಮೊದಲು ಚೌಕಟ್ಟಿನ ಮರದ ಪಟ್ಟಿ ಕಿತ್ತು ನೋಡಿದೆ. ಚಳಿಗಾಳಿ ಬರಬಾರದೆಂದು ಅಪ್ಪ ಸಂದಿಗೆ ತುರುಕಿದ್ದ ಹಳೆಯ ಹತ್ತಿ ಇನ್ನೂ ಸ್ವಲ್ಪ ಉಳಿದಿತ್ತು, ಅರ್ಧ ಬಿಳಿ, ಅರ್ಧ ಕಪ್ಪು. ಅದನ್ನು ಒಂದು ಕಾಗದದಲ್ಲಿ ಸುತ್ತಿ ಎತ್ತಿಟ್ಟೆ. ಬೆಂಕಿ ಬಿದ್ದ ದಿನ ಕಿಟಕಿಯ ಕೆಳಗಿನ ಮೇಜಿನ ಮೇಲೆ ಸುಟ್ಟ ಇಸ್ತ್ರಿ ಪೆಟ್ಟಿಗೆ ಸಿಕ್ಕಿದ ಕೂಡಲೇ, ಅದನ್ನು ಆರಿಸಲು ನೀನು ಮರೆತೆ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟರು. ನೀನೂ "ಆರಿಸಿದ್ದೆ ಅನ್ಸುತ್ತೆ, ಇಲ್ವೇನೋ" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದೆ. ನನ್ನ ಮುಖವನ್ನೂ ನೋಡಿದೆ. ನಾನು ಪೊರಕೆ ಹುಡುಕಲು ಹೋದೆ.

ಇರಲಿ, ಕಿಟಕಿಗೆ ಯಾವ ಬಣ್ಣ ಹೊಡೆಯಲಿ ಎಂದು ನೀನೇ ಬರೆದು ತಿಳಿಸು. ಅಕ್ಕನನ್ನೂ ಭಾವನನ್ನೂ ಕೇಳಿದೆನೆಂದು ಹೇಳು. ರಾತ್ರಿ ಕಾಲು ಬೆಚ್ಚಗಿಟ್ಟುಕೊಂಡು ಮಲಗು.

ನಿನ್ನ ಕೈಯಿಂದ ಎರಡು ಏಟು ತಿನ್ನಬೇಕಾದ,
ನಿನ್ನ ಮಗ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು. ಈಗ ಬರೆಯದಿದ್ದರೆ ಎಂದೂ ಬರೆಯಲಾರೆ. ಫೋನಿನಲ್ಲಿ ಮೂರು ಸಲ ಬಾಯಿ ತೆರೆದು ಮಂಡಿನೋವನ್ನೇ ವಿಚಾರಿಸಿದೆ. ಆ ಕೋಣೆಯಲ್ಲಿ ಇರುವುದು ಒಂದೇ ಪ್ಲಗ್ ಪಾಯಿಂಟ್. ಅವತ್ತು ಹೀಟ್ ಗನ್ ಹಾಕಲು ನಿನ್ನ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತವನು ನಾನು. ತಿರುಗಿ ಹಾಕಲೇ ಇಲ್ಲ. ಸಂಜೆ ಬೂದಿ ಗುಡಿಸುವಾಗ ಆ ಪ್ಲಗ್ ಗೋಡೆಯಿಂದ ಮಾರು ದೂರ ನೆಲದ ಮೇಲೆ ಬಿದ್ದಿತ್ತು. ಯಾರ ಕಣ್ಣಿಗೂ ಬೀಳುವ ಮೊದಲು ಕಸದ ಚೀಲಕ್ಕೆ ಹಾಕಿದೆ. ಬೆಂಕಿ ನಿನ್ನ ಇಸ್ತ್ರಿಯಿಂದಲ್ಲ ಎಂದು ಏಳು ತಿಂಗಳಿಂದ ನನಗೆ ಗೊತ್ತು ಅಮ್ಮಾ. ನಿನ್ನ ಸೊಸೆಗೆ ನಿನ್ನೆ ಹೇಳಿದೆ. ನೀನು ಏನನ್ನೂ ಮರೆತಿರಲಿಲ್ಲ. ಸಹಿ ಹಾಕಬೇಡ. ಇದಿಷ್ಟನ್ನು ಅಕ್ಕನ ಮುಂದೆ ಗಟ್ಟಿಯಾಗಿ ಓದು, ಆಮೇಲೆ ನೀನೇ ಹೋಗಿ ಒಲೆ ಹಚ್ಚಿ ಟೀ ಮಾಡು.