ಬಾಯಿ ತೆರೆದ ಹಡಗು

ಗೌರಿಬಿದನೂರು, 14 ನವೆಂಬರ್, ಶುಕ್ರವಾರ

ಸಮುದ್ರವನ್ನೇ ನೋಡದ ನನ್ನಂಥ ಬಿ.ಎ. ಪದವೀಧರ ಹಡಗಿನ ವಿಷಯಕ್ಕೆ ಹೋಗಬಾರದಿತ್ತು. ಬೆಳಗ್ಗೆ ಪತ್ರಿಕೆಯಲ್ಲಿ ನನ್ನ ತಮ್ಮ ಭಾನುಪ್ರಕಾಶನ ನೌಕಾಪಡೆ ಹಡಗಿನ ಚಿತ್ರ ಬಂದಿತ್ತು. ಮೂತಿ ಮರಳಿನ ಮೇಲೆ, ಮುಂಭಾಗ ಎರಡು ಹೋಳು. ಕೆಳಗಿನ ಸುದ್ದಿ ಓದದೆ, "ಅಮ್ಮಾ, ಭಾನು ಹಡಗು ದಡಕ್ಕೆ ಬಡಿದು ಸೀಳ್ಹೋಗಿದೆ" ಎಂದುಬಿಟ್ಟೆ. ಅವನ ಫೋನ್ ಸಂಜೆಯವರೆಗೂ ಸ್ವಿಚ್ ಆಫ್. ಅಮ್ಮ ನೀರೂ ಮುಟ್ಟಲಿಲ್ಲ.

ಆರೂವರೆಗೆ ಅವನೇ ಕರೆ ಮಾಡಿದ. ಚಿತ್ರದ ವಿಷಯ ಹೇಳಿದ್ದಕ್ಕೆ ನಕ್ಕುಬಿಟ್ಟ. "ದಡಕ್ಕೆ ಹತ್ತೋದೇ ಅದರ ಕೆಲಸ ಕಣಣ್ಣ. ಮುಂದಿನ ಬಾಗಿಲು ತೆಗೆದ್ರೆ ಟ್ಯಾಂಕು ಇಳಿಯುತ್ತೆ. ಹಿಂದೆ ಲಂಗರು ಬಿಟ್ಟಿರ್ತೀವಿ, ಅದನ್ನ ಎಳ್ಕೊಂಡು ವಾಪಸ್ ನೀರಿಗೆ. ಮೂವತ್ತೈದು ವರ್ಷ ಇದನ್ನೇ ಮಾಡ್ತು. ಇವತ್ತು ಬಾವುಟ ಇಳಿಸಿ ರಿಟೈರ್ ಮಾಡಿದ್ವಿ. ಆ ಕಾರ್ಯಕ್ರಮಕ್ಕೇ ಫೋನ್ ಆಫ್ ಮಾಡಿದ್ದೆ."

ಅಮ್ಮ ಫೋನ್ ಕಿತ್ತುಕೊಂಡು, "ಉಂಡ್ಯೇನಪ್ಪಾ?" ಎಂದಷ್ಟೇ ಕೇಳಿದಳು. ಆಮೇಲೆ ನನ್ನತ್ತ ತಿರುಗಿ, "ನಿನ್ನ ಓದಿಗಿಷ್ಟು ಬೆಂಕಿ ಹಾಕ. ಕೆಳಗೆ ಬರೆದಿದ್ದು ಓದಕ್ಕೇನಾಗಿತ್ತೋ?" ಎಂದು ಬೈಯುತ್ತಲೇ ಎರಡು ಮುದ್ದೆ ಉಂಡಳು.

ಬೈಗುಳ ಇಷ್ಟು ಹಿತವೆನಿಸಿದ್ದು ಇದೇ ಮೊದಲು. ಪದ್ಯ ಗೀಚುವ ನನಗೆ ದಿನವಿಡೀ ಹೊಳೆಯದ ಪ್ರಾಸ ಈಗ ತಾನಾಗಿ ಬರುತ್ತಿದೆ: ದಡ ಸೇರಿತು ಹಡಗು, ಇನ್ನೂ ನಿಂತಿಲ್ಲ ಅಮ್ಮನ ಗುಡುಗು. ಮೂರನೆಯ ಸಾಲನ್ನು ಭಾನು ರಜೆಗೆ ಬಂದ ಮೇಲೆ, ಅವನನ್ನೇ ಎದುರಿಗೆ ಕೂರಿಸಿಕೊಂಡು ಬರೆಯುತ್ತೇನೆ.